ಕುಂಬಾರ ಹುಳದ ಮನೆಗೊಂದು ಕಿಟಕಿ

ಫೆಬ್ರವರಿ ಕೊನೆಯ ವಾರ. ವಾಷಿಂಗ್ ಮೆಷಿನ್ನಿನ ಪ್ಲಗ್ಗು ಸಾಕೆಟ್‌ಗೆ ಹೋಗಲೇ ಇಲ್ಲ. ಟಾರ್ಚ್ ಹಾಕಿ ನೋಡಿದರೆ ಮೇಲಿನ ದಪ್ಪ ತೂತಿಗೆ ಯಾರೋ ಮಣ್ಣು ಮೆತ್ತಿದ್ದರು. ಮೈನ್ ಆಫ್ ಮಾಡಿ ಹೇರ್‌ಪಿನ್ನಿನಿಂದ ಕೆದಕಿದೆ. ಒಣ ಮಣ್ಣಿನ ಹಿಂದೆ ಐದು ಹಸಿರು ಹುಳಗಳು ಬಿದ್ದವು. ಸತ್ತಿರಲಿಲ್ಲ, ಕೊಳೆತಿರಲಿಲ್ಲ, ಆದರೆ ಅಲುಗಾಡುತ್ತಲೂ ಇರಲಿಲ್ಲ. ಅವುಗಳ ಜೊತೆ ಅಕ್ಕಿಕಾಳಿಗಿಂತ ಚಿಕ್ಕದಾದ ಒಂದು ಹಳದಿ ಮರಿ.

"ಕುಂಬಾರ ಹುಳ ಕಣೇ ಅದು, ಯಾಕೆ ಕೆಡವಿದೆ?" ಅಂದರು ಅಮ್ಮ. ಆ ಹುಳ ಮನೆಯೊಳಗೆ ಗೂಡು ಕಟ್ಟಿದರೆ ಮನೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ ಅಂತ ಅವರ ತವರಿನಲ್ಲಿ ಹೇಳುತ್ತಿದ್ದರಂತೆ. ಇನ್ನೊಂದು ಮಾತೂ ಹೇಳಿದರು. ಅದು ಎಲ್ಲಿಂದಲೋ ಹುಳ ತಂದು ಗೂಡಲ್ಲಿಟ್ಟು ಅದರ ಮುಂದೆ ಗುಯ್‌ಗುಟ್ಟುತ್ತದೆ. ಕೇಳಿ ಕೇಳಿ ಆ ಹುಳವೂ ಕುಂಬಾರ ಹುಳವೇ ಆಗಿಬಿಡುತ್ತದೆ. ಭ್ರಮರ-ಕೀಟ ನ್ಯಾಯ ಅಂತ ನಾವೆಲ್ಲ ಕೇಳಿರುವುದು ಇದನ್ನೇ ಅಲ್ವಾ.

ನನಗೆ ಆ ಹಳದಿ ಮರಿಯದೇ ಯೋಚನೆಯಾಯಿತು. ಮಣ್ಣಿನ ಹಿಂದೆ ದಿನದಿನವೂ ಏನು ನಡೆಯುತ್ತದೆ ಅಂತ ನೋಡಬೇಕು, ಫೋಟೋ ತೆಗೆಯಬೇಕು ಅನಿಸಿತು. ಹೊರಗೆ ಓಡಾಡುವ ಹುಳದ ಫೋಟೋ ಎಷ್ಟೋ ತೆಗೆದಿದ್ದೇನೆ. ಒಳಗಿನದ್ದು ಒಂದೂ ಇರಲಿಲ್ಲ. ಹಾಗಾಗಿ ಒಂದು ಗೂಡುಪೆಟ್ಟಿಗೆ ಮಾಡಲು ಹೊರಟೆ. ತೂತು ಅವಕ್ಕೆ, ಕಿಟಕಿ ನನಗೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಗುಂಪಾಗಿ ಕಾಗದದಂಥ ಗೂಡು ಕಟ್ಟುವ ಕಡಜಗಳ ಹತ್ತಿರ ಹೋಗಬೇಡಿ, ಅವು ಗೂಡನ್ನು ಕಾಯುತ್ತವೆ, ಕಚ್ಚುತ್ತವೆ. ಕುಂಬಾರ ಹುಳವೂ ಕಡಜವೇ, ಆದರೆ ನಾನು ಹೇಳುತ್ತಿರುವುದು ಅದರಂತೆ ಒಂಟಿಯಾಗಿ ಬದುಕುವ ಕಡಜದ ಮಾತು. ಅಲ್ಲಿ ರಾಣಿಯೂ ಇಲ್ಲ, ಆಳುಗಳೂ ಇಲ್ಲ. ಒಂದು ತಾಯಿ, ಅವಳ ಕೆಲಸ, ಅಷ್ಟೇ. ಕೈಯಲ್ಲಿ ಹಿಡಿದು ಒತ್ತಿದರೆ ಚುಚ್ಚುತ್ತಾಳೆ. ಸುಮ್ನೆ ಒಂದು ಅಡಿ ದೂರದಲ್ಲಿ ನಿಂತು ನೋಡಿದರೆ ನಿಮ್ಮ ಗೊಡವೆಗೇ ಬರುವುದಿಲ್ಲ.

ಮೊದಲನೆಯ ಪೆಟ್ಟಿಗೆ ಪೂರಾ ಸೋತಿತು. ಪ್ಲೈವುಡ್ ಹಲಗೆಯ ಮೇಲೆ ಮರದ ಬೀಡಿಂಗ್ ಪಟ್ಟಿಗಳನ್ನು ಸಾಲಾಗಿ ಫೆವಿಕಾಲ್ ಹಾಕಿ ಅಂಟಿಸಿದ್ದೆ. ಎರಡು ಪಟ್ಟಿಗಳ ನಡುವಿನ ಸಂದೇ ಕಾಲುವೆ. ಮೇಲೆ ಪಾರದರ್ಶಕ ಶೀಟು. ಚೆಂದ ಕಾಣಲಿ ಅಂತ ವಾರ್ನಿಶ್ ಬೇರೆ ಹೊಡೆದೆ. ಪಶ್ಚಿಮದ ಬಾಲ್ಕನಿಯಲ್ಲಿ ತೂಗುಹಾಕಿದೆ. ಯುಗಾದಿವರೆಗೂ ಕಾದೆ. ಒಂದು ಜೇಡ ಬಿಟ್ಟರೆ ಯಾರೂ ಬರಲಿಲ್ಲ.

ತಪ್ಪು ಮೂರು ಇದ್ದವು. ವಾರ್ನಿಶ್ ವಾಸನೆ ಒಂದು. ಮೈಸೂರಿನ ಮಾರ್ಚ್ ತಿಂಗಳ ಸಂಜೆ ಬಿಸಿಲು ನೇರವಾಗಿ ಬೀಳುತ್ತಿದ್ದದ್ದು ಇನ್ನೊಂದು. ಕೈ ಇಟ್ಟರೆ ಶೀಟು ಸುಡುತ್ತಿತ್ತು. ಎಲ್ಲಕ್ಕಿಂತ ದೊಡ್ಡದು ಬೆಳಕು. ಸಾಕೆಟ್ಟಿನ ತೂತು ಕತ್ತಲು, ಅದಕ್ಕೇ ಅವಳಿಗೆ ಇಷ್ಟವಾಯಿತು. ನಾನು ಕೊಟ್ಟಿದ್ದು ಬೆಳಕು ತುಂಬಿದ ಗಾಜಿನ ಕೊಳವೆಯಂಥದ್ದು. ಅದನ್ನು ಯಾವ ತಾಯಿ ತಾನೇ ನಂಬುತ್ತಾಳೆ?

ಎರಡನೆಯದನ್ನು ಸಾವಧಾನವಾಗಿ ಮಾಡಿದೆ. ಅಳತೆ ಹೇಳುತ್ತೇನೆ, ಬೇಕಾದವರು ಹೀಗೇ ಮಾಡಿಕೊಳ್ಳಬಹುದು. ಹಲಗೆ 12 ಮಿಲಿಮೀಟರ್ ದಪ್ಪ, 20 ಸೆಂಟಿಮೀಟರ್ ಉದ್ದ, 15 ಅಗಲ. ಪಟ್ಟಿಗಳು 10 ಮಿಲಿಮೀಟರ್ ಎತ್ತರದ ಬರೀ ಮರದವು, ಬಣ್ಣ ಪಾಲಿಶ್ ಏನೂ ಇಲ್ಲ. ಕಾಲುವೆಗಳು ಒಟ್ಟು ಏಳು: 6 ಮಿಲಿಮೀಟರ್ ಅಗಲದವು ಎರಡು, 8ರವು ಮೂರು, 10ರವು ಎರಡು. ಹುಳದ ಮೈ ಎಷ್ಟು ದಪ್ಪವೋ ಅಷ್ಟಕ್ಕೆ ಹೊಂದುವ ತೂತನ್ನೇ ಅದು ಆರಿಸುವುದು. ಹಾಗಾಗಿ ಒಂದೇ ಅಳತೆ ಇಡಬೇಡಿ. ಉದ್ದ 15 ಸೆಂಟಿಮೀಟರ್, ಒಂದು ತುದಿ ಬಂದ್. ಒಳಗೆ ಸಿಬಿರು ಇದ್ದರೆ ರೆಕ್ಕೆ ಹರಿಯುತ್ತದೆ. ಉಪ್ಪುಕಾಗದವನ್ನು ಸ್ಕೇಲಿಗೆ ಸುತ್ತಿ ಪ್ರತಿ ಕಾಲುವೆಯನ್ನೂ ಉಜ್ಜಿದೆ. ಈ ಕೆಲಸಕ್ಕೇ ಒಂದು ಇಡೀ ಭಾನುವಾರ ಹೋಯಿತು.

ಮೇಲಿನ ಕಿಟಕಿಗೆ ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಬೈಂಡಿಂಗಿಗೆ ಹಾಕುವ ಶೀಟು. ನಾಲ್ಕು ಮೂಲೆಗೂ ಸಣ್ಣ ಸ್ಕ್ರೂ. ಅದರ ಮೇಲೆ ಕೆಂಪು ಜಿಲೇಟಿನ್ ಪೇಪರ್ ಎರಡು ಪದರ. ಎಲ್ಲದರ ಮೇಲೆ ರಟ್ಟಿನ ಮುಚ್ಚಳ, ರಬ್ಬರ್ ಬ್ಯಾಂಡಿನಲ್ಲಿ ಬಿಗಿದದ್ದು.

ಕೆಂಪು ಯಾಕೆ ಅಂದರೆ, ಜೇನು ಮತ್ತು ಕಡಜದ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ. ಕಾರ್ಲ್ ಫಾನ್ ಫ್ರಿಶ್ ಅನ್ನುವವರು 1914ರಲ್ಲೇ ಜೇನಿನ ಮೇಲೆ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ಬಣ್ಣದ ಕಾಗದದ ಮೇಲೆ ಸಕ್ಕರೆ ನೀರಿಟ್ಟು ಅಭ್ಯಾಸ ಮಾಡಿಸಿದರೆ ನೀಲಿ ಹಳದಿಗಳನ್ನು ಅವು ಗುರುತು ಹಿಡಿಯುತ್ತಿದ್ದವು, ಕೆಂಪನ್ನು ಮಾತ್ರ ಗಾಢ ಬೂದಿಯ ಜೊತೆ ಗೊಂದಲ ಮಾಡಿಕೊಳ್ಳುತ್ತಿದ್ದವು. ಅಂದರೆ ರಟ್ಟು ತೆಗೆದು ಕೆಂಪು ಹಾಳೆಯ ಮೂಲಕ ನಾನು ಇಣುಕಿದರೂ ಅವಳ ಪಾಲಿಗೆ ಒಳಗೆ ಹೆಚ್ಚುಕಡಿಮೆ ಕತ್ತಲೇ.

ಪೆಟ್ಟಿಗೆಯನ್ನು ಈ ಸಲ ಪೂರ್ವದ ಕಿಟಕಿಯ ಸಜ್ಜಾ ಕೆಳಗೆ ಬೈಂಡಿಂಗ್ ವೈರಿನಲ್ಲಿ ಕಟ್ಟಿದೆ. ಎಳೆಬಿಸಿಲು ಬೀಳುತ್ತದೆ, ಮಳೆ ಬೀಳುವುದಿಲ್ಲ. ಕೆಳಗೆ ಒಂದು ಹಳೇ ತಟ್ಟೆಯಲ್ಲಿ ಜೇಡಿಮಣ್ಣು ಕಲಸಿ ಹಸಿಯಾಗಿ ಇಟ್ಟೆ. ಏಪ್ರಿಲ್ ತಿಂಗಳಲ್ಲಿ ಊರೆಲ್ಲ ಒಣಗಿರುತ್ತದೆ. ಹಸಿ ಮಣ್ಣು ಹತ್ತಿರದಲ್ಲಿದ್ದರೆ ಅವಳ ಓಡಾಟ ಕಡಿಮೆಯಾಗುತ್ತದೆ.

ಮೊದಲು ಬಂದದ್ದು ಕಡಜ ಅಲ್ಲ, ಎಲೆ ಕತ್ತರಿಸುವ ಜೇನು. ನಮ್ಮ ಗುಲಾಬಿ ಗಿಡದ ಎಲೆಗಳ ಅಂಚನ್ನು ಕೈವಾರ ಇಟ್ಟ ಹಾಗೆ ಕತ್ತರಿಸಿ, ಹೊಟ್ಟೆಯ ಕೆಳಗೆ ಮಡಿಸಿ ಹಿಡಿದು ತರುತ್ತಿತ್ತು. ಉದ್ದನೆಯ ತುಂಡು ಗೋಡೆಗೆ, ದುಂಡನೆಯದು ಮುಚ್ಚಳಕ್ಕೆ. ಅಮ್ಮನಿಗೆ ಗುಲಾಬಿ ಎಲೆ ಹೋದದ್ದಕ್ಕೆ ಬೇಜಾರು. ನಾಲ್ಕನೇ ದಿನ ಬೆಳಗ್ಗೆ ನೋಡಿದರೆ ಕೆಂಪಿರುವೆ ಸಾಲು ವೈರ್ ಹಿಡಿದು ಇಳಿದು ಒಳಗಿನ ಪರಾಗದ ಉಂಡೆಯನ್ನೆಲ್ಲ ಹೊತ್ತುಕೊಂಡು ಹೋಗುತ್ತಿತ್ತು. ಜೇನು ಮತ್ತೆ ಬರಲಿಲ್ಲ. ಇದು ಸಂಪೂರ್ಣ ನನ್ನ ತಪ್ಪು. ಆ ದಿನವೇ ವೈರಿಗೆ ನಾಲ್ಕು ಬೆರಳು ಉದ್ದ ದಪ್ಪಗೆ ವ್ಯಾಸಲೀನ್ ಬಳಿದೆ. ಆಮೇಲೆ ಒಂದು ಇರುವೆಯೂ ದಾಟಿಲ್ಲ. ಧೂಳು ಕೂತು ಗಟ್ಟಿಯಾಗುತ್ತದೆ, ಹದಿನೈದು ದಿನಕ್ಕೊಮ್ಮೆ ಒರೆಸಿ ಮತ್ತೆ ಬಳಿಯಬೇಕು.

ಏಪ್ರಿಲ್ 19. ಕಂದು ಬಣ್ಣದ, ಒಂದೂವರೆ ಸೆಂಟಿಮೀಟರ್ ಉದ್ದದ ಕಡಜ ಏಳೂ ಬಾಯಿಗಳನ್ನು ಮೀಸೆಯಿಂದ ತಟ್ಟಿ ನೋಡಿ ಮೂರನೇ ಕಾಲುವೆಗೆ ಹೊಕ್ಕಿತು. ಅದು 8 ಮಿಲಿಮೀಟರಿನದು.

ಕ್ಯಾಮೆರಾದ ಕೆಲಸ ಅಷ್ಟರಲ್ಲಿ ಮುಗಿದಿತ್ತು. ಸಣ್ಣ ವಸ್ತುಗಳನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ನನ್ನ ಹತ್ತಿರ ಹಳೆಯ ನಿಕಾನ್ ಬಾಡಿ ಮತ್ತು 50 ಎಂಎಂ ಲೆನ್ಸ್ ಇದೆ. ಅಪರ್ಚರನ್ನು, ಅಂದರೆ ಬೆಳಕು ಬರುವ ಕಿಂಡಿಯನ್ನು, ಲೆನ್ಸಿನ ಮೇಲಿನ ಬಳೆಯಿಂದಲೇ ತಿರುಗಿಸುವಂಥದ್ದು. ಅದರ ಮುಂಭಾಗಕ್ಕೆ 52 ಎಂಎಂ ರಿವರ್ಸ್ ರಿಂಗ್ ಹಾಕಿ ಲೆನ್ಸನ್ನು ಹಿಂದುಮುಂದಾಗಿ ಕ್ಯಾಮೆರಾಕ್ಕೆ ತೊಡಿಸಿದೆ. ಹೀಗೆ ಮಾಡಿದರೆ ವಸ್ತು ಎಷ್ಟು ದೊಡ್ಡದೋ ಹೆಚ್ಚುಕಡಿಮೆ ಅಷ್ಟೇ ದೊಡ್ಡದಾಗಿ ಸೆನ್ಸರಿನ ಮೇಲೆ ಬೀಳುತ್ತದೆ. ನನ್ನ ಸೆನ್ಸರ್ ಅಗಲ 23 ಮಿಲಿಮೀಟರ್. ಕಡಜದ ಒಂದು ಕೋಣೆ ಎರಡು ಸೆಂಟಿಮೀಟರ್. ಫ್ರೇಮಿಗೆ ಅಳೆದಿಟ್ಟ ಹಾಗೆ ಕೂತಿತು.

ತೊಂದರೆಗಳೂ ಇವೆ. ಆಟೋಫೋಕಸ್ ಇಲ್ಲ, ಬೆಳಕು ಅಳೆಯುವ ಮೀಟರ್ ಇಲ್ಲ. ಎಂ ಮೋಡಿನಲ್ಲೇ, ಎಲ್ಲವನ್ನೂ ಕೈಯಿಂದ ಹೊಂದಿಸಿ ತೆಗೆಯಬೇಕು. ಅಪರ್ಚರನ್ನು ಎಫ್ 8ಕ್ಕೆ ಇಟ್ಟರೂ ಚೂಪಾಗಿ ಕಾಣುವ ಆಳ ಒಂದು ಮಿಲಿಮೀಟರೂ ಇಲ್ಲ. ಹಾಗಾಗಿ ರಿಂಗ್ ತಿರುಗಿಸಿ ಫೋಕಸ್ ಮಾಡುವ ಬದಲು ಇಡೀ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸಬೇಕು. ನಾನು ಮುರಿದ ಡ್ರಾಯರಿನ ಚಾನೆಲ್ ಒಂದನ್ನು ಹಲಗೆಗೆ ಬಡಿದು ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ನುಣ್ಣಗೆ ಜಾರುತ್ತದೆ. ಲೆನ್ಸಿನ ಹಿಂಬದಿ ಗಾಜು ಈಗ ಹೊರಗಡೆ ಇರುತ್ತದೆ ನೋಡಿ, ಅದಕ್ಕೆ ಧೂಳು ಗೀರು ಆಗಬಾರದು. ಒಂದು ಹಳೆ ಹಿಂಬದಿ ಕ್ಯಾಪಿನ ತಳ ಕತ್ತರಿಸಿ ಬಳೆಯ ಹಾಗೆ ತೊಡಿಸಿದ್ದೇನೆ.

ಬೆಳಕಿಗೆ ಫ್ಲಾಶ್ ಬೇಕೇ ಬೇಕು. ಆದರೆ ಎದುರಿನಿಂದ ಹೊಡೆದರೆ ಶೀಟಿನ ಮೇಲೆ ಬಿಳಿ ಮಚ್ಚೆ ಬಿಟ್ಟು ಏನೂ ಕಾಣುವುದಿಲ್ಲ. ಕನ್ನಡಿಗೆ ಬಿದ್ದ ಬೆಳಕು ಬಿದ್ದ ಓರೆಯಲ್ಲೇ ಆಚೆಗೆ ಹೋಗುತ್ತದೆ. ಅದಕ್ಕೇ ಕ್ಯಾಮೆರಾ ನೇರವಾಗಿ, ಫ್ಲಾಶ್ ಪಕ್ಕದಿಂದ ಓರೆಯಾಗಿ, ವೈರಿನಲ್ಲಿ ಜೋಡಿಸಿ. ಲೆನ್ಸಿನ ಸುತ್ತ ಕಪ್ಪು ಡ್ರಾಯಿಂಗ್ ಶೀಟಿನ ತಟ್ಟೆ. ಫ್ಲಾಶಿನ ಮುಂದೆ ಚಪ್ಪಲಿ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಗೂಡು, ಅದಕ್ಕೆ ಲಗ್ನಪತ್ರಿಕೆಯೊಳಗೆ ಬರುವ ತೆಳು ಬಟರ್ ಪೇಪರ್ ಎರಡು ಪದರ, ನಡುವೆ ಎರಡು ಬೆರಳು ಜಾಗ ಬಿಟ್ಟು. ಅದನ್ನು ಹುಳದ ಹತ್ತಿರ ತಂದಷ್ಟೂ ಬೆಳಕು ಮೃದುವಾಗುತ್ತದೆ. ಪವರ್ 1/16, ಶಟರ್ 1/160, ಐಎಸ್ಒ 200. ಫೋಟೋ ತೆಗೆಯುವಾಗ ಮಾತ್ರ ಕೆಂಪು ಹಾಳೆ ಎತ್ತುತ್ತಿದ್ದೆ, ತಾಯಿ ಕಡಜ ಹೊರಗೆ ಹೋಗಿದ್ದಾಗ.

ಏಪ್ರಿಲ್ 20ರ ಫೋಟೋ ಈಗಲೂ ನನಗೆ ಎಲ್ಲಕ್ಕಿಂತ ಇಷ್ಟ. ಖಾಲಿ ಕೋಣೆ. ಸೂರಿನಿಂದ ಕೂದಲಿಗಿಂತ ಸಣ್ಣ ಎಳೆ ಇಳಿದಿದೆ. ಅದರ ತುದಿಯಲ್ಲಿ ಸೌತೆಬೀಜದ ಆಕಾರದ ಮೊಟ್ಟೆ ತೂಗುತ್ತಿದೆ. ಹುಳಗಳು ಇನ್ನೂ ಬಂದೇ ಇಲ್ಲ. ಮೊಟ್ಟೆ ಮೊದಲು, ಊಟ ಆಮೇಲೆ. ಕೀಟಗಳನ್ನು ಅಭ್ಯಾಸ ಮಾಡಿದ ಫ್ರಾನ್ಸಿನ ಫಾಬ್ರ್ ಇದೇ ಬಳಗದ ಕಡಜದ ಗೂಡಿನ ಪಕ್ಕದಲ್ಲಿ ಚಾಕುವಿನಿಂದ ಕಿಂಡಿ ಕೊರೆದು ಇದೇ ತೂಗುಮೊಟ್ಟೆಯನ್ನು ನೋಡಿದ್ದರು. ಅವರು ತೀರಿಕೊಂಡದ್ದು 1915ರಲ್ಲಿ. ಅವರು ಕಂಡದ್ದನ್ನು ನಮ್ಮ ಅಡುಗೆಮನೆ ಕಿಟಕಿಯಲ್ಲಿ ಕಂಡಾಗ ನನಗೆ ಮಾತು ಹೊರಡಲಿಲ್ಲ.

ಮಧ್ಯಾಹ್ನದೊಳಗೆ ಆರು ಹಸಿರು ಹುಳ ತಂದಳು. ಎಲೆ ಸುತ್ತಿಕೊಂಡು ಒಳಗಿರುತ್ತವಲ್ಲ, ಆ ಪತಂಗದ ಮರಿಗಳು. ಅವನ್ನು ಕೊಂದಿರುವುದಿಲ್ಲ, ಚುಚ್ಚಿ ಮೈ ಜೋಮು ಹಿಡಿಸಿರುತ್ತಾಳೆ. ಅದಕ್ಕೇ ಕೊಳೆಯುವುದಿಲ್ಲ. ಸಾಕೆಟ್ಟಿನಲ್ಲಿ ನಾನು ಕಂಡದ್ದೂ ಅದೇ. ಆಮೇಲೆ ಮಣ್ಣಿನ ಗೋಡೆ. ಗೋಡೆಯ ಈಚೆ ಇನ್ನೊಂದು ಕೋಣೆ. 23ನೇ ತಾರೀಕಿಗೆ ಮೂರು ಕೋಣೆ ತುಂಬಿ ಬಾಯಿ ಮುಚ್ಚಿತು.

ಅಮ್ಮ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. ಮೊಟ್ಟೆ ಒಡೆದ ದಿನ ಅವರೇ ನನ್ನನ್ನು ಎಬ್ಬಿಸಿದ್ದು. ಹಳದಿ ಮರಿ ಒಂದೊಂದೇ ಹಸಿರು ಹುಳ ತಿನ್ನುತ್ತಾ ದಪ್ಪವಾಗುತ್ತಾ ಹೋಯಿತು. ಎಂಟು ದಿನಕ್ಕೆ ಒಂದೂ ಉಳಿಯಲಿಲ್ಲ. ಅಷ್ಟೂ ದಿನದ ಫೋಟೋಗಳನ್ನು ಸಾಲಾಗಿ ಟ್ಯಾಬಿನಲ್ಲಿ ತೋರಿಸಿದೆ. "ಹಂಗಾದ್ರೆ ಹುಳ ಕುಂಬಾರ ಆಗಲಿಲ್ಲ, ಕುಂಬಾರನ ಮಗೂಗೆ ಊಟ ಆಯ್ತು" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಪ, ನೋಡಿದವರಿಗೆ ಇಟ್ಟಿದ್ದು ಹುಳ, ಬಂದಿದ್ದು ಕುಂಬಾರ. ಮಧ್ಯೆ ಏನಾಯ್ತು ಅಂತ ಯಾರು ನೋಡಿದ್ರು" ಅಂದರು. ಅದು ನಿಜ. ಮಣ್ಣಿನ ಗೋಡೆಯಾಚೆ ನೋಡಲಾಗದೆ ಇದ್ದವರು ಕಂಡ ಎರಡು ತುದಿಗಳನ್ನು ಸೇರಿಸಿ ಕಟ್ಟಿದ ಮಾತು ಅದು.

ಇನ್ನು ನನ್ನ ದೊಡ್ಡ ತಪ್ಪಿನ ವಿಷಯ.

ಮೇ ಮೊದಲ ದಿನ ರಾತ್ರಿ ಗುಡುಗು ಸಮೇತ ಜೋರು ಮಳೆ. ಬೆಳಗ್ಗೆ ಶೀಟಿನ ಒಳಮೈಗೆ ನೀರು ಹನಿಗಟ್ಟಿತ್ತು. ಬೂಸ್ಟು ಹಿಡಿದರೆ ಮರಿಗಳೆಲ್ಲ ಸಾಯುತ್ತವೆ ಅಂತ ಹೆದರಿ ಸ್ಕ್ರೂ ಬಿಚ್ಚಿ ಶೀಟು ಎತ್ತಿದೆ. ತಾಯಿ ಗೋಡೆಯನ್ನು ಶೀಟಿಗೂ ಸೇರಿಸಿ ಮೆತ್ತಿರುತ್ತಾಳೆ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ಎರಡನೇ ಮತ್ತು ಮೂರನೇ ಕೋಣೆಯ ನಡುವಿನ ಗೋಡೆ ಇಡಿಯಾಗಿ ಕಿತ್ತು ಬಂತು. ಶರ್ಟಿನ ಗುಂಡಿಯಷ್ಟು ದೊಡ್ಡ ಮಣ್ಣಿನ ಬಿಲ್ಲೆ. ಚಿಮಟದಲ್ಲಿ ಹಿಡಿದು, ಒದ್ದೆ ಮಣ್ಣು ಅಂಚಿಗೆ ಹಚ್ಚಿ, ಇದ್ದ ಜಾಗದಲ್ಲೇ ಕೂರಿಸಿದೆ. ಶೀಟು ಒರೆಸಿ ಹಾಕಿದೆ. ಗಾಳಿಯಾಡಲಿ ಅಂತ ಪ್ರತಿ ಕಾಲುವೆಯ ಮೇಲೂ ಸೂಜಿಯಿಂದ ಆರು ರಂಧ್ರ ಚುಚ್ಚಿದೆ. ಹನಿಗಟ್ಟುವುದು ನಿಂತಿತು. ರಿಪೇರಿ ಆಯಿತು ಅಂದುಕೊಂಡೆ.

ಮೇ 10ರ ಹೊತ್ತಿಗೆ ಮೂರೂ ಪ್ಯೂಪಾ ಆಗಿದ್ದವು, ಮರಿ ಕಡಜವಾಗುವ ಮುಂಚಿನ ಹಂತ ಅದು. ಕಣ್ಣು, ಕಾಲು, ಮೀಸೆ ಎಲ್ಲ ಮೇಣದಲ್ಲಿ ಮಾಡಿದ ಹಾಗೆ. ಒಂದನೇ ಕೋಣೆಯದು ಬಾಗಿಲ ಕಡೆ ತಲೆ ಹಾಕಿದೆ. ಮೂರನೆಯದೂ ಹಾಗೇ. ಎರಡನೆಯದರ ತಲೆ ಮಾತ್ರ ಒಳಗಡೆ, ಬಂದ್ ಆದ ತುದಿಯ ಕಡೆ.

ಕಡಜಕ್ಕೆ ಕಾಲುವೆಯಲ್ಲಿ ತಿರುಗಿಕೊಳ್ಳಲು ಜಾಗ ಇರುವುದಿಲ್ಲ. ಹುಟ್ಟಿದ ಮೇಲೆ ಮುಂದಿರುವ ಗೋಡೆ ಕೊರೆಯುತ್ತದೆ. ಇದು ಕೊರೆದರೆ ಒಂದನೇ ಕೋಣೆಗೆ ನುಗ್ಗುತ್ತದೆ, ಅಲ್ಲಿರುವುದನ್ನೂ ಕೆಡಿಸಿ ತಾನೂ ಸಾಯುತ್ತದೆ. ಹೀಗೆ ಯಾಕಾಯಿತು ಅಂತ ಹಳೆ ಫೋಟೋಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿದೆ. ಓರೆ ಬೆಳಕು ಇಟ್ಟಿದ್ದು ಇಲ್ಲಿ ಕೆಲಸಕ್ಕೆ ಬಂತು. ಏಪ್ರಿಲ್ ತಿಂಗಳ ಫೋಟೋಗಳಲ್ಲಿ ಪ್ರತಿ ಗೋಡೆಯ ಬಾಗಿಲ ಕಡೆಯ ಮೈ ನುಣುಪು, ಸ್ವಲ್ಪ ತಗ್ಗು. ಒಳಗಡೆಯ ಮೈ ಉಂಡೆ ಉಂಡೆಯಾಗಿ ಒರಟು. ಅವಳು ಹೊರಗೆ ನಿಂತು ಕಟ್ಟುತ್ತಾಳೆ ಅಲ್ವಾ, ತನ್ನ ಕಡೆಯನ್ನು ಮಾತ್ರ ತೀಡಲು ಆಗುತ್ತದೆ. ಮೇ 2ರ ನಂತರದ ಫೋಟೋಗಳಲ್ಲಿ ಆ ಒಂದು ಗೋಡೆ ತಿರುವುಮುರುವು. ಬಿಲ್ಲೆಯನ್ನು ನಾನು ಹಿಂದುಮುಂದಾಗಿ ಕೂರಿಸಿದ್ದೆ.

ಅಮೆರಿಕದ ಕೆನೆತ್ ಕೂಪರ್ ಅನ್ನುವ ವಿಜ್ಞಾನಿ ಇದನ್ನು 1957ರಲ್ಲೇ ವಿವರಿಸಿದ್ದಾರೆ. ಮರಿ ತಿಂದು ಮುಗಿಸಿದ ಮೇಲೆ ಕೋಣೆಯ ಎರಡೂ ತುದಿ ಮುಟ್ಟಿ ನೋಡುತ್ತದೆ. ಒರಟು ಗೋಡೆ ಯಾವ ಕಡೆಯೋ ಆ ಕಡೆ ಬಾಗಿಲು. ಅತ್ತ ತಲೆ ಹಾಕಿ ಮಲಗುತ್ತದೆ. ತಾಯಿ ಆ ಹೊತ್ತಿಗೆ ಇರುವುದೇ ಇಲ್ಲ. ಮಗುವಿನ ಮುಖವನ್ನು ಅವಳು ನೋಡಿರುವುದೂ ಇಲ್ಲ. ಆದರೂ ಹೊರಗೆ ಹೋಗುವ ದಾರಿಯನ್ನು ಮಣ್ಣಿನಲ್ಲಿ ಬರೆದಿಟ್ಟು ಹೋಗಿರುತ್ತಾಳೆ. ಆ ಬರಹವನ್ನೇ ನಾನು ತಿರುಗಿಸಿ ಇಟ್ಟಿದ್ದೆ. ಎರಡನೇ ಕೋಣೆಯ ಮರಿಗೆ ಎರಡೂ ಕಡೆ ನುಣುಪು ಸಿಕ್ಕಿತು, ಅದು ತಪ್ಪು ದಿಕ್ಕು ಹಿಡಿಯಿತು. ಮೂರನೆಯದಕ್ಕೆ ಎರಡೂ ಕಡೆ ಒರಟು. ಅದು ಸರಿಯಾಗಿ ಮಲಗಿದ್ದು ಅದೃಷ್ಟ. ಅವತ್ತು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಪ್ಯೂಪಾವನ್ನು ಬ್ರಷ್ಷಿನಿಂದ ಎತ್ತಿ ತಿರುಗಿಸಬಹುದಿತ್ತು. ಧೈರ್ಯ ಬರಲಿಲ್ಲ, ಅಷ್ಟು ಮೆತ್ತಗಿತ್ತು. ಬದಲಿಗೆ ಶೀಟಿಗೆ ಒಂದು ಹೊಸ ಬಾಗಿಲು ಮಾಡಿದೆ. ಎರಡನೇ ಕೋಣೆಯ ಮೇಲೆ, ತಲೆ ಇರುವ ತುದಿಯಲ್ಲಿ, ಹೊಸ ಬ್ಲೇಡಿನಿಂದ ಮೂರು ಕಡೆ ಕುಯ್ದು 9 ಮಿಲಿಮೀಟರಿನ ರೆಪ್ಪೆ. ಬ್ಲೇಡು ಒಳಗೆ ಇಳಿಯದಂತೆ ತುದಿಗೆ ಟೇಪು ಸುತ್ತಿ ಒಂದು ಮಿಲಿಮೀಟರ್ ಮಾತ್ರ ಹೊರಗೆ ಬಿಟ್ಟಿದ್ದೆ. ರೆಪ್ಪೆಯನ್ನು ಕಾಗದದ ಟೇಪಿನಿಂದ ಮುಚ್ಚಿದೆ. ದಿನಾ ಎರಡು ಸಲ ನೋಡುತ್ತಿದ್ದೆ. ಮೊದಲು ಕಣ್ಣು ಕಪ್ಪಾಯಿತು, ಆಮೇಲೆ ಎದೆ, ಕೊನೆಗೆ ಹೊಟ್ಟೆಗೆ ಕಂದು ಬಣ್ಣ ಬಂತು.

ಮೇ 17ಕ್ಕೆ ಮೂರನೇ ಕೋಣೆಯದು ಹೊರಗೆ ಬಂತು. ಗಂಡು. ಬಾಗಿಲಿಗೆ ಹತ್ತಿರದ ಕೋಣೆಗಳಲ್ಲಿ ಸಾಮಾನ್ಯವಾಗಿ ಗಂಡುಗಳನ್ನೇ ಇಡುತ್ತಾಳೆ, ಅವು ಮೊದಲು ಹೊರಡುತ್ತವೆ. ಮೇ 20, ಬೆಳಗ್ಗೆ ಏಳೂವರೆ. ಎರಡನೇ ಕೋಣೆಯಲ್ಲಿ ಕಾಲು ಅಲುಗಿತು. ಟೇಪು ಕಿತ್ತು ರೆಪ್ಪೆ ಎತ್ತಿ ಹಿಡಿದೆ. ಐದು ನಿಮಿಷ ಏನೂ ಆಗಲಿಲ್ಲ. ಅದು ಮುಂದಿನ ಗೋಡೆಯನ್ನೇ ಕೆರೆಯುತ್ತಿತ್ತು. ಆಮೇಲೆ ಮೀಸೆ ಮೇಲೆ ಚಾಚಿತು, ಬೆಳಕು ಕಂಡಿತು, ತಲೆ ಬಂತು, ಮುಂಗಾಲು ಬಂತು. ಅಮ್ಮ ಉಸಿರು ಬಿಗಿಹಿಡಿದು ನಿಂತಿದ್ದರು. ಶೀಟಿನ ಮೇಲೆ ಕೂತು ರೆಕ್ಕೆ ಒರೆಸಿಕೊಂಡು, ಕರಿಬೇವಿನ ಗಿಡ ದಾಟಿ ಹೋಯಿತು. ಫೋಟೋ ಒಂದೂ ಸರಿಯಾಗಿ ಬಂದಿಲ್ಲ, ಕೈ ನಡುಗುತ್ತಿತ್ತು. ಒಂದನೆಯದು ಮರುದಿನ ಖಾಲಿಯಾದ ಎರಡು ಕೋಣೆ ದಾಟಿಕೊಂಡು ಬಾಗಿಲಿನಿಂದಲೇ ಹೋಯಿತು.

ಮೂರನೇ ಪೆಟ್ಟಿಗೆ ಈಗ ಮೇಜಿನ ಮೇಲಿದೆ. ಒಂದೇ ದೊಡ್ಡ ಶೀಟು ಬೇಡ ಅಂತ ಪ್ರತಿ ಕಾಲುವೆಗೂ ಬೇರೆ ಬೇರೆ ಪಟ್ಟಿ ಕತ್ತರಿಸಿದ್ದೇನೆ. ಒಂದನ್ನು ಎತ್ತಿದರೆ ಉಳಿದವು ಅಲುಗಬಾರದು. ಸೂಜಿ ರಂಧ್ರ ಮೊದಲೇ ಚುಚ್ಚಿದೆ. ಗೋಡೆ ಬಿದ್ದ ದಿನ ಎರಡೂ ಮೈ ಫೋಟೋ ತೆಗೆದೇ ಮುಟ್ಟುವುದು ಅಂತ ಹಲಗೆಯ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ. ತೂಗುಹಾಕುವ ಮೊಳೆಯನ್ನು ಅರ್ಧ ಅಡಿ ಕೆಳಗೆ ಇಳಿಸಬೇಕು. ಈಗಿನ ಎತ್ತರಕ್ಕೆ ಅಮ್ಮ ತುದಿಗಾಲಲ್ಲಿ ನಿಲ್ಲಬೇಕಾಗುತ್ತದೆ.